ಘಾಟಿಯೂ ಹತ್ತಬೇಕು, ಎಮಿಷನ್ನೂ ಪಾಸಾಗಬೇಕು: ಎಂಜಿನ್‌ಗೆ ಏನು ಮಾಡಿಸೋದು?

ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡೋ ಹೊತ್ತಿಗೆ ನಮ್ಮ ಕೊಡಗಿನಲ್ಲಿ ಗಾಡಿ ಹುಚ್ಚಿನವರಿಗೆಲ್ಲ ಒಂದೇ ಯೋಚನೆ. ಪಿಕಪ್ ಸಾಲುತ್ತಿಲ್ಲ, ಏನಾದರೂ ಮಾಡಿಸಬೇಕು. ಫಿಲ್ಟರ್ ಹಾಕಿಸೋದಾ, ಫ್ರೀ ಫ್ಲೋ ಸೈಲೆನ್ಸರಾ, ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಾಯಿಸೋ ರೀಮ್ಯಾಪಾ, ಇಲ್ಲ ದೊಡ್ಡ ಎಂಜಿನ್ನೇ ಕೂರಿಸಿಬಿಡೋದಾ? ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಆಮೇಲೆ ಎಮಿಷನ್ ಪಾಸ್ ಆಗುತ್ತಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ, ವಿರಾಜಪೇಟೆಯಿಂದ ಇಳಿದು ಮಾಕುಟ್ಟದ ತಿರುವುಗಳಲ್ಲಿ ವಾಪಸ್ ಬರುವಾಗ, ತೋಟದೊಳಗಿನ ಕಲ್ಲು ರಸ್ತೆಯಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ಹೋಗುವಾಗ ನಮಗೆ ಬೇಕಿರುವುದು 5,000 ಆರ್‌ಪಿಎಂನ ಪವರ್ ಅಲ್ಲ. 1,500ರಿಂದ 2,500 ಆರ್‌ಪಿಎಂ ನಡುವಿನ ಎಳೆತ. ಆ ಎಳೆತ ತರೋದಕ್ಕೆ ಹೊಗೆಯ ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಒಂದಿಷ್ಟು ಹೊಗೆಯನ್ನು ಮತ್ತೆ ಎಂಜಿನ್ ಒಳಗೇ ಕಳಿಸುವ ಇಜಿಆರ್, ಡೀಸೆಲ್ ಮಸಿ ಹಿಡಿಯುವ ಡಿಪಿಎಫ್ ಯಾವುದನ್ನೂ ಕೀಳಬೇಕಾಗಿಲ್ಲ. ಎಮಿಷನ್ ಕೆಡುವುದು ಬಹುತೇಕ ಇವುಗಳಿಗೆ ಕೈ ಹಾಕಿದಾಗಲೇ.

ಯಾವ ಅಳತೆಯಲ್ಲಿ ತೂಗಬೇಕು

ಮೊದಲ ಅಳತೆ ಎಮಿಷನ್ ಮಷೀನ್. ಅದು ಏನು ನೋಡುತ್ತದೆ, ಏನು ನೋಡಲ್ಲ ಅಂತ ಗೊತ್ತಿಲ್ಲದೆ ದುಡ್ಡು ಹಾಕಬಾರದು. ಪೆಟ್ರೋಲ್ ಗಾಡಿಯಾದರೆ ಸೈಲೆನ್ಸರ್ ಒಳಗೆ ಕೊಳವೆ ತೂರಿಸಿ, ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ತುಳಿಯದೆ ಎಂಜಿನ್ ಓಡುವಾಗ, ಕಾರ್ಬನ್ ಮೊನಾಕ್ಸೈಡ್ (ಸಿಒ) ಮತ್ತು ಹೈಡ್ರೋಕಾರ್ಬನ್ (ಎಚ್‌ಸಿ) ಎಷ್ಟು ಬರುತ್ತಿದೆ ಅಂತ ಅಳೆಯುತ್ತಾರೆ. ಬಿಎಸ್ 4 (ಬಿಎಸ್ ಅಂದರೆ ಭಾರತ್ ಸ್ಟೇಜ್, ಸರ್ಕಾರದ ಮಾಲಿನ್ಯ ಮಾನದಂಡ) ಮತ್ತು ಅದರ ನಂತರದ ಕಾರಿಗೆ ಮಿತಿ ಸಿಒ ಶೇ. 0.3, ಎಚ್‌ಸಿ 200 ಪಿಪಿಎಂ. ಇದರ ಜೊತೆಗೆ 2,500 ಆರ್‌ಪಿಎಂ ಸುತ್ತಮುತ್ತ ಹಿಡಿದು ಲ್ಯಾಂಬ್ಡಾ ನೋಡುವ ನಿಯಮವೂ ಇದೆ. ಗಾಳಿ ಮತ್ತು ಪೆಟ್ರೋಲ್ ಸರಿಯಾದ ಪ್ರಮಾಣದಲ್ಲಿ ಸೇರುತ್ತಿವೆಯಾ ಅನ್ನೋದರ ಲೆಕ್ಕ ಅದು, 1ರಿಂದ 0.03ರಷ್ಟು ಮಾತ್ರ ಆಚೀಚೆ ಆಗಬಹುದು. ಬಿಎಸ್ 2, ಬಿಎಸ್ 3 ಕಾರುಗಳಿಗೆ ಸಿಒ ಶೇ. 0.5, ಎಚ್‌ಸಿ 750. ಅದಕ್ಕಿಂತ ಹಳೇ ಕಾರ್ಬುರೇಟರ್ ಗಾಡಿಗೆ ಸಿಒ ಶೇ. 3ರವರೆಗೂ ಬಿಡುತ್ತಾರೆ.

ಡೀಸೆಲ್‌ನದು ಬೇರೆ ಕಥೆ. ಅಲ್ಲಿ ಹೊಗೆಯ ದಟ್ಟಣೆ ಮಾತ್ರ. ಗಾಡಿ ನ್ಯೂಟ್ರಲ್‌ನಲ್ಲಿರುತ್ತದೆ. ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರ್ ಒಂದೇ ಸಲಕ್ಕೆ ಪೂರ್ತಿ ತುಳಿದು, ಎಂಜಿನ್ ತನ್ನ ಗರಿಷ್ಠ ವೇಗ ಮುಟ್ಟಿದ ಮೇಲೆ ಬಿಡುತ್ತಾರೆ. ಹೀಗೆ ಹಲವು ಸಲ ಮಾಡಿ ಸರಾಸರಿ ತೆಗೆಯುತ್ತಾರೆ. ಬಿಎಸ್ 4 ಡೀಸೆಲ್‌ಗೆ ಮಿತಿ 50 ಎಚ್‌ಎಸ್‌ಯು (ಹೊಗೆಯ ದಟ್ಟಣೆ ಅಳೆಯುವ ಮಾನ), ಅದಕ್ಕಿಂತ ಹಳೆಯದಕ್ಕೆ 65. ತುಳಿದ ಆ ಮೊದಲ ಅರ್ಧ ಸೆಕೆಂಡನ್ನು ಗಮನಿಸಿ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಇನ್ನೂ ತಿರುಗಲು ಶುರು ಮಾಡಿರುವುದಿಲ್ಲ, ಗಾಳಿ ಕಡಿಮೆ, ಡೀಸೆಲ್ ಮಾತ್ರ ಬಂದು ಬೀಳುತ್ತದೆ. ಕಪ್ಪು ಹೊಗೆ ಬರೋದು ಆಗಲೇ. ಕೆಟ್ಟ ರೀಮ್ಯಾಪ್ ಸಿಕ್ಕಿಬೀಳೋದೂ ಅಲ್ಲೇ.

ಎರಡನೇ ಅಳತೆ ಕಾನೂನು. ಎಮಿಷನ್ ಸರ್ಟಿಫಿಕೇಟ್ ಕೈಗೆ ಬಂದರೆ ಗಾಡಿ ಕಾನೂನು ಪ್ರಕಾರ ಸರಿ ಇದೆ ಅಂತ ಅರ್ಥ ಅಲ್ಲ. ಮಷೀನ್ ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ, ಹಾಗಾಗಿ ಇಜಿಆರ್ ಮುಚ್ಚಿದ ಡೀಸೆಲ್ ಗಾಡಿಯೂ ಪಾಸ್ ಆಗಬಹುದು. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ತಾಳೆ ತಪ್ಪುವಂಥ ಬದಲಾವಣೆ ಮಾಡುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಂತ ಬಂತು. ಮಾಲಿನ್ಯದ ನಿಯಮ ಮುರಿದರೆ ಗರಿಷ್ಠ 10,000. ಮಾಕುಟ್ಟ ದಾಟಿ ಕೇರಳದ ಇರಿಟ್ಟಿ, ಕಣ್ಣೂರು ಕಡೆ ಓಡಾಡೋರಿಗೆ ಇದು ಜಾಸ್ತಿ ಅನ್ವಯ. ಆ ಕಡೆಯವರು ಮಾಡಿಫೈ ಆದ ಗಾಡಿಯನ್ನು ಸುಲಭಕ್ಕೆ ಬಿಡುವವರಲ್ಲ.

ಮೂರನೆಯದು ನಮ್ಮ ಊರು. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್‌ನ ಶಕ್ತಿಯಲ್ಲಿ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಇಲ್ಲಿ ಕಾಣೆಯಾಗುತ್ತದೆ. ಟರ್ಬೊ ಇದ್ದರೆ ಅಷ್ಟು ಗೊತ್ತಾಗಲ್ಲ. ಇದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ, ಜನವರಿಯಿಂದ ಏಪ್ರಿಲ್‌ವರೆಗೆ ತೋಟದ ರಸ್ತೆಯ ಕೆಂಪು ಧೂಳು. ಬೆಂಗಳೂರಿನ ಗ್ಯಾರೇಜ್‌ನವರು ಕೊಡೋ ಸಲಹೆಯಲ್ಲಿ ಈ ಎರಡೂ ಇರಲ್ಲ.

ಕೊನೆಯದು ವಾಪಸ್ ಬರೋ ದಾರಿ. ನಾಳೆ ಗಾಡಿ ಮಾರಬೇಕು, ಇನ್ಶೂರೆನ್ಸ್ ಕ್ಲೇಮ್ ಮಾಡಬೇಕು, 15 ವರ್ಷ ತುಂಬಿದ ಮೇಲೆ ಆರ್‌ಸಿ ರಿನ್ಯೂಗೆ ಮಡಿಕೇರಿ ಆರ್‌ಟಿಒ ಮುಂದೆ ನಿಲ್ಲಿಸಬೇಕು ಅಂದಾಗ ಮೊದಲಿದ್ದ ಹಾಗೆ ಮಾಡೋದಕ್ಕೆ ಆಗುತ್ತಾ? ಎಷ್ಟು ಖರ್ಚು?

ಈಗ ಒಂದೊಂದಾಗಿ ನೋಡೋಣ.

ಏನೂ ಮಾಡಿಫೈ ಮಾಡದೇ ಇರೋದು

ನಗಬೇಡಿ. ಇದೂ ಒಂದು ಆಯ್ಕೆ, ಮತ್ತು 80,000 ಕಿಲೋಮೀಟರ್ ದಾಟಿದ ಗಾಡಿಗೆ ಇದೇ ಮೊದಲು ಮಾಡಬೇಕಾದ್ದು. ಪಿಕಪ್ ಇಲ್ಲ ಅಂತ ಬರೋ ಹಳೇ ಸ್ವಿಫ್ಟ್ ಡೀಸೆಲ್‌ಗಳಲ್ಲಿ ಇಂಟೇಕ್ ಪೈಪ್ ಬಿಚ್ಚಿ ನೋಡಿ. ಇಜಿಆರ್‌ನಿಂದ ಬಂದ ಮಸಿ ಮತ್ತು ಎಂಜಿನ್ ಆಯಿಲ್‌ನ ಆವಿ ಸೇರಿ ಡಾಂಬರಿನಂಥ ಪದರ ಕೂತಿರುತ್ತದೆ. ಬೆರಳು ಹಾಕಿದರೆ ಕೈ ಕಪ್ಪು, ಸೋಪು ಹಾಕಿ ತಿಕ್ಕಿದರೂ ಸಂಜೆವರೆಗೆ ಹೋಗಲ್ಲ. ಗಾಳಿ ಹೋಗಬೇಕಾದ ಜಾಗದಲ್ಲಿ ಗಣನೀಯ ಭಾಗವನ್ನು ಅದೇ ತಿಂದಿರುತ್ತದೆ. ಅದನ್ನು ಕ್ಲೀನ್ ಮಾಡಿಸಿ, ಇಜಿಆರ್ ವಾಲ್ವ್ ಸರಿಯಾಗಿ ಮುಚ್ಚಿ ತೆರೆಯುತ್ತಿದೆಯಾ ನೋಡಿ, ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್‌ನಲ್ಲಿ ಸೀಳು ಇದೆಯಾ ಪರೀಕ್ಷಿಸಿ. ಆ ಸೀಳು ಕಣ್ಣಿಗೆ ಕಾಣಲ್ಲ, ಘಾಟಿ ಹತ್ತುವಾಗ ಪ್ರೆಷರ್ ಏರಿದಾಗ ಮಾತ್ರ ಬಾಯಿ ಬಿಡುತ್ತದೆ. ಉಸ್ ಅಂತ ಸದ್ದು, ಹಿಂದೆ ಕಪ್ಪು ಹೊಗೆ, ಎಳೆತ ಮಾಯ.

ಪೆಟ್ರೋಲ್ ಆದರೆ ಸ್ಪಾರ್ಕ್ ಪ್ಲಗ್, ಥ್ರಾಟಲ್ ಬಾಡಿ, ಮುಂದಿನ ಆಕ್ಸಿಜನ್ ಸೆನ್ಸರ್. ಸೆನ್ಸರ್ ಮುದಿಯಾದರೆ ಕಂಪ್ಯೂಟರ್‌ಗೆ ಲೆಕ್ಕ ತಪ್ಪುತ್ತದೆ. ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಮೈಲೇಜ್ ಇಳಿಯುತ್ತದೆ, ಎಮಿಷನ್‌ನಲ್ಲಿ ಸಿಒ ಏರುತ್ತದೆ.

ಇದಕ್ಕೆಲ್ಲ ಗಾಡಿ ನೋಡಿಕೊಂಡು 5ರಿಂದ 15 ಸಾವಿರದ ಒಳಗೆ ಸಾಮಾನ್ಯವಾಗಿ ಮುಗಿಯುತ್ತದೆ. ಎಮಿಷನ್ ಕೆಡುವ ಮಾತು ಬಿಡಿ, ಸುಧಾರಿಸುತ್ತದೆ. ಆರ್‌ಸಿಗೆ ಸಂಬಂಧವೇ ಇಲ್ಲ. ಕೊರತೆ ಒಂದೇ: ಕಳೆದುಹೋಗಿದ್ದು ವಾಪಸ್ ಬರುತ್ತದೆ, ಹೊಸದು ಏನೂ ಸಿಗಲ್ಲ. ಆದರೆ ಎಷ್ಟೋ ಜನಕ್ಕೆ ಬೇಕಿರೋದು ಅಷ್ಟೇ, ಅಲ್ವಾ?

ಇಲ್ಲೇ ಟೈರಿನ ಮಾತೂ ಹೇಳಬೇಕು. ಥಾರ್‌ಗೂ ಜಿಪ್ಸಿಗೂ ದೊಡ್ಡ ಟೈರ್ ಹಾಕಿಸಿ ಆಮೇಲೆ ಎಳೆಯುತ್ತಿಲ್ಲ ಅನ್ನೋರು ನಮ್ಮಲ್ಲಿ ಕಡಿಮೆ ಇಲ್ಲ. ಚಕ್ರದ ವ್ಯಾಸ ಹೆಚ್ಚಾದರೆ ಗೇರಿಂಗ್ ಉದ್ದವಾದ ಹಾಗೆ, ಎಂಜಿನ್‌ಗೆ ಅಷ್ಟೂ ಭಾರ. ಅಂಥವರು ರೀಮ್ಯಾಪ್‌ಗೆ ದುಡ್ಡು ಕೂಡಿಡುವ ಮುಂಚೆ ಕಂಪನಿ ಅಳತೆಯ ಟೈರ್ ಹಾಕಿ ಒಂದು ಸಲ ಭಾಗಮಂಡಲದಿಂದ ತಲಕಾವೇರಿಗೆ ಹತ್ತಿಸಿ ನೋಡಲಿ.

ಫಿಲ್ಟರ್ ಮತ್ತು ಸೈಲೆನ್ಸರ್

ಕಾಟನ್ ಫಿಲ್ಟರ್‌ಗೆ ನಾಲ್ಕರಿಂದ ಏಳು ಸಾವಿರ. ಕಂಪನಿಯ ಡಬ್ಬದಲ್ಲೇ ಕೂರುತ್ತದೆ, ಎಮಿಷನ್‌ಗೆ ತೊಂದರೆ ಇಲ್ಲ, ತೆಗೆದು ಹಳೇದು ಹಾಕೋದು ಐದು ನಿಮಿಷದ ಕೆಲಸ. ಲಾಭ? ಎಂಜಿನ್‌ಗೆ ಬೇರೆ ಏನೂ ಮಾಡಿಸದಿದ್ದರೆ ಕಿವಿಗೆ ಗೊತ್ತಾಗುವಷ್ಟು ಕಾಲಿಗೆ ಗೊತ್ತಾಗಲ್ಲ. ನಷ್ಟ ಮಾತ್ರ ನಮ್ಮ ಕಡೆ ನಿಜವಾದದ್ದು. ಇವು ಸಣ್ಣ ಧೂಳನ್ನು ಪೇಪರ್ ಫಿಲ್ಟರ್‌ನಷ್ಟು ಚೆನ್ನಾಗಿ ತಡೆಯಲ್ಲ. ತೊಳೆದು ಎಣ್ಣೆ ಹಚ್ಚುವಾಗ ಕೈ ಜಾಸ್ತಿಯಾದರೆ ಆ ಎಣ್ಣೆ ಗಾಳಿ ಅಳೆಯುವ ಸೆನ್ಸರ್ ಮೇಲೆ ಕೂತು ಮಿಕ್ಸ್ಚರ್ ಹಾಳು ಮಾಡುತ್ತದೆ. ಮಾರ್ಚ್‌ನಲ್ಲಿ ದಿನವೂ ತೋಟಕ್ಕೆ ಹೋಗಿ ಬರೋ ಗಾಡಿಗೆ ನಾನಂತೂ ಪೇಪರ್ ಫಿಲ್ಟರನ್ನೇ ಹಾಕಿ, ಸ್ವಲ್ಪ ಬೇಗ ಬೇಗ ಬದಲಾಯಿಸಿ ಅನ್ನುತ್ತೇನೆ.

ಕೋಲ್ಡ್ ಏರ್ ಇಂಟೇಕ್ ಅಂತ ಬಂಪರ್ ಹತ್ತಿರ ಕೆಳಗೆ ಪೈಪ್ ಇಳಿಸುತ್ತಾರಲ್ಲ, ಅದು ಕೊಡಗಿಗೆ ಬೇಡವೇ ಬೇಡ. ಜುಲೈಯಲ್ಲಿ ಕಾವೇರಿ ತುಂಬಿ ಭಾಗಮಂಡಲದ ರಸ್ತೆ ಮೇಲೆ ನೀರು ನಿಂತಾಗ ಎಂಜಿನ್ ನೀರು ಕುಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಲ್ಲಿಗೆ ಎಂಜಿನ್ ಕಥೆ ಮುಗೀತು.

ಸೈಲೆನ್ಸರ್ ವಿಷಯಕ್ಕೆ ಬಂದರೆ ಎರಡು ಬಗೆ ಇದೆ, ಎರಡನ್ನೂ ಒಂದೇ ಹೆಸರಲ್ಲಿ ಮಾರುತ್ತಾರೆ. ಕ್ಯಾಟಲಿಟಿಕ್ ಕನ್ವರ್ಟರ್ ಆದ ಮೇಲಿನ ಪೈಪ್ ಮತ್ತು ಮಫ್ಲರ್ ಮಾತ್ರ ಬದಲಾಯಿಸೋದು ಒಂದು. ಇದರಿಂದ ಹೊಗೆಯ ಅಂಕಿ ಬದಲಾಗಲ್ಲ. ಸದ್ದು ಬದಲಾಗುತ್ತದೆ, ಸದ್ದಿಗೂ ಮಿತಿ ಇದೆ, ಪೊಲೀಸರು ಮೊದಲು ಹಿಡಿಯೋದೂ ಸದ್ದನ್ನೇ. 15ರಿಂದ 40 ಸಾವಿರ ಕೊಟ್ಟು ಪಡೆಯೋದು ಮುಖ್ಯವಾಗಿ ಸದ್ದು. ಟರ್ಬೊ ಇಲ್ಲದ ಸಣ್ಣ ಎಂಜಿನ್‌ನಲ್ಲಿ ದಪ್ಪ ಪೈಪ್ ಹಾಕಿದರೆ ಕೆಳಗಿನ ಎಳೆತ ಒಂದಿಷ್ಟು ಹೋಗಲೂಬಹುದು, ಅಂದರೆ ನಮಗೆ ಬೇಕಾದ್ದೇ ಹೋಯಿತು.

ಎರಡನೆಯದು ಕನ್ವರ್ಟರನ್ನೇ ಕಿತ್ತು ನೇರ ಪೈಪ್ ಹಾಕೋದು. ಬಿಎಸ್ 4 ಅಥವಾ ಬಿಎಸ್ 6 ಪೆಟ್ರೋಲ್‌ನಲ್ಲಿ ಇದು ಎಮಿಷನ್‌ನಲ್ಲಿ ಫೇಲ್ ಆಗುತ್ತದೆ. ಎಂಜಿನ್‌ನಿಂದ ನೇರವಾಗಿ ಬರುವ ಹೊಗೆಯಲ್ಲಿ, ಮಿಕ್ಸ್ಚರ್ ಎಷ್ಟೇ ಸರಿ ಇದ್ದರೂ, ಸಿಒ ಸಾಮಾನ್ಯವಾಗಿ ಶೇ. 0.3ಕ್ಕಿಂತ ಜಾಸ್ತಿಯೇ ಇರುತ್ತದೆ. ಅದನ್ನು ಸೊನ್ನೆಯ ಹತ್ತಿರಕ್ಕೆ ತರೋದೇ ಒಳಗಿರುವ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪನದ ಕೆಲಸ. ಅದನ್ನು ಕಿತ್ತರೆ ಹಿಂದಿನ ಆಕ್ಸಿಜನ್ ಸೆನ್ಸರ್ ಗಲಾಟೆ ಮಾಡುತ್ತದೆ, ಚೆಕ್ ಎಂಜಿನ್ ಲೈಟ್ ಹತ್ತುತ್ತದೆ. ಆ ಲೈಟ್ ಆರಿಸೋಕೆ ಇನ್ನೊಂದು ಕಳ್ಳ ಕೆಲಸ. ಈ ದಾರಿಗೆ ಹೋಗಬೇಡಿ. ಇನ್ನೊಂದು ಮಾತು: ಆ ಲೋಹಗಳಿಗೆ ಒಳ್ಳೇ ಬೆಲೆ ಇದೆ. ಯಾವುದೇ ಕಾರಣಕ್ಕೆ ಕನ್ವರ್ಟರ್ ಬದಲಾಯಿಸಿದರೆ ಹಳೇದನ್ನು ಕೇಳಿ ಮನೆಗೆ ತನ್ನಿ. ಗುಜರಿ ಅಂತ ಅಲ್ಲೇ ಬಿಟ್ಟು ಬಂದರೆ ಗ್ಯಾರೇಜ್‌ನವರಿಗೆ ಹಬ್ಬ.

ರೀಮ್ಯಾಪ್, ಟ್ಯೂನಿಂಗ್ ಬಾಕ್ಸ್

ನಿಜವಾದ ಪೈಪೋಟಿ ಇರೋದು ಇಲ್ಲಿ. ಟರ್ಬೊ ಗಾಡಿ ಇದ್ದರೆ, ಅದು ಪೋಲೊ ಟಿಎಸ್ಐ ಆಗಲಿ, 1.3 ಮಲ್ಟಿಜೆಟ್ ಡೀಸೆಲ್ ಆಗಲಿ, ಥಾರ್‌ನ 2.2 ಎಂಹಾಕ್ ಆಗಲಿ, ಕೊಟ್ಟ ದುಡ್ಡಿಗೆ ಎಳೆತ ಸಿಗೋದು ಸ್ಟೇಜ್ 1 ರೀಮ್ಯಾಪ್‌ನಿಂದಲೇ. ಯಂತ್ರದ ಭಾಗ ಒಂದೂ ಬದಲಾಗಲ್ಲ. ಇಸಿಯು, ಅಂದರೆ ಎಂಜಿನ್ ನಡೆಸೋ ಕಂಪ್ಯೂಟರ್, ಅದರಲ್ಲಿರುವ ಲೆಕ್ಕಾಚಾರ ಮಾತ್ರ ಬದಲಾಗುತ್ತದೆ: ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಎಷ್ಟು, ಇಂಧನ ಎಷ್ಟು, ಯಾವಾಗ. ಸಾಮಾನ್ಯವಾಗಿ ಶೇ. 20ರಿಂದ 30ರಷ್ಟು ಟಾರ್ಕ್, ಅಂದರೆ ಎಳೆತ, ಏರುತ್ತದೆ. ಹಳೇ ಸ್ವಿಫ್ಟ್ ಡೀಸೆಲ್ 190 ಎನ್ಎಂ ಕೊಡುತ್ತಿದ್ದ ಗಾಡಿ, 230ರ ಆಸುಪಾಸಿಗೆ ಬಂದರೆ ಸಂಪಾಜೆ ಘಾಟಿಯಲ್ಲಿ ಗೇರ್ ಇಳಿಸೋದು ಎಷ್ಟೋ ಕಡಿಮೆಯಾಗುತ್ತದೆ. ಖರ್ಚು 20ರಿಂದ 40 ಸಾವಿರ, ಗಾಡಿಯ ಮೇಲೆ ಹೋಗುತ್ತದೆ. ಅದೇ ರೀಮ್ಯಾಪನ್ನು ಟರ್ಬೊ ಇಲ್ಲದ ಪೆಟ್ರೋಲ್‌ಗೆ, ಅಂದರೆ ಆಲ್ಟೊ, ವ್ಯಾಗನ್‌ಆರ್‌ಗೆ ಮಾಡಿಸಿದರೆ ಶೇ. 5ರಿಂದ 8 ಸಿಕ್ಕರೆ ದೊಡ್ಡದು. ಸುಮ್ನೆ ದುಡ್ಡು ದಂಡ.

ಎಮಿಷನ್ ಪಾಸ್ ಆಗುತ್ತಾ? ಮ್ಯಾಪ್ ಬರೆದವನ ಕೈ ಮೇಲೆ ಹೋಗುತ್ತದೆ. ಡೀಸೆಲ್ ಇಸಿಯುನಲ್ಲಿ ಹೊಗೆಯ ಮಿತಿ ಅಂತ ಒಂದು ಕೋಷ್ಟಕ ಇರುತ್ತದೆ. ಎಷ್ಟು ಗಾಳಿ ಬಂದಿದೆಯೋ ಅದಕ್ಕೆ ತಕ್ಕಷ್ಟೇ ಡೀಸೆಲ್ ಬಿಡು ಅಂತ ಅದು ಹೇಳುತ್ತದೆ. ಒಳ್ಳೇ ಟ್ಯೂನರ್ ಬೂಸ್ಟ್ ಏರಿಸಿ, ಗಾಳಿ ಬಂದ ಮೇಲೆ ಡೀಸೆಲ್ ಏರಿಸುತ್ತಾನೆ. ಸೋಮಾರಿ ಟ್ಯೂನರ್ ಆ ಮಿತಿಯನ್ನೇ ಸಡಿಲಿಸಿಬಿಡುತ್ತಾನೆ. ಓಡಿಸೋಕೆ ಎರಡೂ ಒಂದೇ ಥರ ಅನಿಸಬಹುದು. ಎರಡನೆಯದು ತುಳಿದ ತಕ್ಷಣ ಕಪ್ಪು ಮೋಡ ಉಗುಳುತ್ತದೆ. ಮಡಿಕೇರಿಯ ಎತ್ತರದಲ್ಲಿ ಗಾಳಿ ತೆಳು ಇರೋದರಿಂದ ಟರ್ಬೊ ತಿರುಗೋ ಮುಂಚಿನ ಆ ಕ್ಷಣದಲ್ಲಿ ಹೊಗೆ ಇನ್ನೂ ಜಾಸ್ತಿ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಮಾಡಿಸಿದ ಮ್ಯಾಪ್ ಅಲ್ಲಿ ಶುದ್ಧವಾಗಿ ಕಂಡು ಇಲ್ಲಿ ಹೊಗೆ ಬಿಟ್ಟರೆ ಆಶ್ಚರ್ಯ ಇಲ್ಲ. ಹಾಗಾಗಿ ಟ್ಯೂನರ್ ಹತ್ತಿರ ಕೇಳಬೇಕಾದ್ದು ಎಷ್ಟು ಪಿಎಸ್ (ಹಾರ್ಸ್‌ಪವರ್) ಬರುತ್ತೆ ಅಂತ ಅಲ್ಲ. ಸ್ಮೋಕ್ ಲಿಮಿಟರ್ ಮುಟ್ಟುತ್ತೀರಾ, ಇಜಿಆರ್ ಮತ್ತು ಡಿಪಿಎಫ್ ಹಾಗೇ ಕೆಲಸ ಮಾಡುತ್ತವಾ, ಹೊಗೆ ಬಂದರೆ ಸರಿ ಮಾಡಿಕೊಡುತ್ತೀರಾ. ಈ ಮೂರಕ್ಕೆ ನೇರ ಉತ್ತರ ಬರದಿದ್ದರೆ ಬೇರೆ ಕಡೆ ಹೋಗಿ.

ಪೆಟ್ರೋಲ್ ಟರ್ಬೊದಲ್ಲಿ ಚಿಂತೆ ಕಡಿಮೆ. ಐಡಲ್‌ನಲ್ಲಿ, ಮೆಲ್ಲಗೆ ಓಡಿಸುವಾಗ ಸೆನ್ಸರ್ ನೋಡಿಕೊಂಡು ಇಸಿಯು ಮಿಕ್ಸ್ಚರನ್ನು ಲ್ಯಾಂಬ್ಡಾ 1ಕ್ಕೇ ತಂದು ನಿಲ್ಲಿಸುತ್ತದೆ. ಸ್ಟೇಜ್ 1 ಬದಲಾಯಿಸೋದು ಜೋರಾಗಿ ತುಳಿದಾಗಿನ ಭಾಗ. ಕನ್ವರ್ಟರ್ ಜಾಗದಲ್ಲೇ ಇದ್ದರೆ ಪರೀಕ್ಷೆಯ ಅಂಕಿ ಮೊದಲಿನ ಹಾಗೇ ಬರುತ್ತದೆ. ಆದರೆ ಮ್ಯಾಪ್ ನಮ್ಮ ಬಂಕ್‌ನಲ್ಲಿ ಸಿಗೋ ಸಾದಾ ಪೆಟ್ರೋಲ್‌ಗೇ ಬರೆದಿರಲಿ. 100 ಆಕ್ಟೇನ್ ಹಾಕಿದರೆ ಮಾತ್ರ ಸರಿ ಹೋಗೋ ಮ್ಯಾಪ್ ಹಿಡಿದುಕೊಂಡು ಪೊನ್ನಂಪೇಟೆಯಲ್ಲಿ ಏನು ಮಾಡೋದು?

ಸ್ಟೇಜ್ 2 ಅಂದರೆ ಬಹುತೇಕ ಟರ್ಬೊದಿಂದ ಹೊಗೆ ಹೊರಡುವ ಡೌನ್‌ಪೈಪ್‌ನ ಬದಲಾವಣೆ, ಅಂದರೆ ಕನ್ವರ್ಟರ್‌ಗೆ ಕೈ. ಮೇಲೆ ಹೇಳಿದ್ದೇ ಮತ್ತೆ. ಗದ್ದೆ ಕೊಯ್ಲಾದ ಮೇಲೆ ಗೋಣಿಕೊಪ್ಪ ಕಡೆ ನಡೆಯೋ ಆಟೋಕ್ರಾಸ್ ರೇಸ್‌ನಲ್ಲಿ ಇಳಿಯೋ ಆಸೆ ಇದ್ದರೆ ಅದಕ್ಕೆ ಅಂತಲೇ ಒಂದು ಹಳೇ ಗಾಡಿ ಇಟ್ಟುಕೊಂಡು ಟ್ರೈಲರ್ ಮೇಲೆ ಸಾಗಿಸಿ. ದಿನ ಬೆಳಗಾದರೆ ಮಕ್ಕಳನ್ನು ಸ್ಕೂಲಿಗೆ ಬಿಡೋ ಕಾರು ಎರಡೂ ಕೆಲಸ ಮಾಡಲ್ಲ.

ಟ್ಯೂನಿಂಗ್ ಬಾಕ್ಸ್ ರೀಮ್ಯಾಪ್‌ನ ಬಡ ತಮ್ಮ. ಡೀಸೆಲ್‌ನ ಒತ್ತಡ ಅಳೆಯುವ ರೇಲ್ ಪ್ರೆಷರ್ ಸೆನ್ಸರ್‌ಗೂ ಇಸಿಯುಗೂ ನಡುವೆ ಕೂತು ಪ್ರೆಷರ್ ಕಡಿಮೆ ಇದೆ ಅಂತ ಸುಳ್ಳು ಹೇಳುತ್ತದೆ, ಇಸಿಯು ನಂಬಿ ಏರಿಸುತ್ತದೆ, ಡೀಸೆಲ್ ಜಾಸ್ತಿ ಹೋಗುತ್ತದೆ. ಸರ್ವಿಸ್‌ಗೆ ಹೋಗುವ ಮುಂಚೆ ಬಿಚ್ಚಿ ಇಡಬಹುದು, ಗಾಡಿ ಮಾರಿದರೆ ಬಾಕ್ಸ್ ನಿಮ್ಮ ಬಳಿಯೇ ಉಳಿಯುತ್ತದೆ. ವಾಪಸ್ ಬರೋ ದಾರಿ ಅನ್ನೋ ಅಳತೆಯಲ್ಲಿ ಇದಕ್ಕೆ ಮೊದಲ ಸ್ಥಾನ. ಹೊಗೆಯ ಅಳತೆಯಲ್ಲಿ ಹಿಂದೆ. ಇದಕ್ಕೆ ಬೂಸ್ಟ್, ಗಾಳಿ ಯಾವುದೂ ಸರಿಯಾಗಿ ಗೊತ್ತಿರಲ್ಲ, ಕಣ್ಣು ಮುಚ್ಚಿ ಡೀಸೆಲ್ ಏರಿಸೋದಷ್ಟೇ ಗೊತ್ತು. 15ರಿಂದ 30 ಸಾವಿರ ಕೊಡೋ ಬದಲು ಇನ್ನೊಂದಿಷ್ಟು ಸೇರಿಸಿ ಸರಿಯಾದ ರೀಮ್ಯಾಪ್ ಮಾಡಿಸೋದು ಲೇಸು.

ರೀಮ್ಯಾಪ್‌ಗೂ ಎರಡು ಬೆಲೆ ಇದೆ, ಬಿಲ್‌ನಲ್ಲಿ ಕಾಣಲ್ಲ. ಒಂದು, ವಾರಂಟಿ ಹೋಗುತ್ತದೆ. ಮೂರು ವರ್ಷ ತುಂಬದ ಗಾಡಿಗೆ ಕೈ ಹಾಕಬೇಡಿ. ಇನ್ನೊಂದು ಕ್ಲಚ್. ಏರಿಸಿದ ಟಾರ್ಕ್ ಹೋಗೋದು ಅದರ ಮೂಲಕವೇ. ತೋಟದಲ್ಲಿ ಹಾಫ್ ಕ್ಲಚ್ ಮೇಲೆ ಗಾಡಿ ಓಡಿಸೋ ಅಭ್ಯಾಸ ಇರುವ ಮನೆಯಲ್ಲಿ ಅದರ ಆಯಸ್ಸು ಇನ್ನೂ ಕಡಿಮೆ. ಕಾನೂನು ಪ್ರಕಾರವೂ ಇದು ಪೂರ್ತಿ ನಿಶ್ಚಿಂತೆಯ ಜಾಗ ಅಲ್ಲ ಅನ್ನೋದು ಗೊತ್ತಿರಲಿ, ಇನ್ಶೂರೆನ್ಸ್‌ಗೆ ತಿಳಿಸದೇ ಇದ್ದರೆ ದೊಡ್ಡ ಅಪಘಾತದ ದಿನ ತಕರಾರು ಎತ್ತಲು ಅವರಿಗೆ ಒಂದು ನೆಪ ಸಿಕ್ಕ ಹಾಗೆ.

ಡಿಪಿಎಫ್ ಕೀಳಿಸಿಬಿಡಿ ಅನ್ನೋ ಸಲಹೆ

ಬಿಎಸ್ 6 ಡೀಸೆಲ್ ಇರೋ ತೋಟದವರಿಗೆ ಇದು ನಿಜವಾದ ತಲೆನೋವು, ಅದಕ್ಕೆ ಬೇರೆಯಾಗಿ ಹೇಳುತ್ತಿದ್ದೇನೆ. ಡಿಪಿಎಫ್ ಮಸಿಯನ್ನು ಹಿಡಿದಿಟ್ಟು, ಆಗಾಗ ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟು ಬೂದಿ ಮಾಡುತ್ತದೆ. ಆ ಬಿಸಿ ಬರಬೇಕಾದರೆ ಗಾಡಿ ಒಂದು ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಮನೆಯಿಂದ ಕಣಕ್ಕೆ, ಕಣದಿಂದ ಕೆಲಸಗಾರರ ಲೈನ್‌ಮನೆಗೆ, ಅಲ್ಲಿಂದ ಪೇಟೆಗೆ ಅಂತ ಒಂದು ಎರಡನೇ ಗೇರ್‌ನಲ್ಲೇ ತಿಂಗಳು ಕಳೆದರೆ ಅದು ಕಟ್ಟಿಕೊಳ್ಳದೆ ಇನ್ನೇನು? ಲೈಟ್ ಹತ್ತುತ್ತದೆ, ಪವರ್ ಇಳಿಯುತ್ತದೆ. ಆಗ ಯಾರೋ ಒಬ್ಬರು ಕೀಳಿಸಿ ರೀಮ್ಯಾಪ್ ಮಾಡಿಸಿಬಿಡಿ, ಪಿಕಪ್ಪೂ ಬರುತ್ತೆ ಅಂತಾರೆ.

ಕೀಳಿಸಿದ ಗಾಡಿ ಮಷೀನ್ ಮುಂದೆ ಒಂದೊಂದು ಸಲ ದಾಟಿಬಿಡಬಹುದು. ಆದರೆ ಅದು ಅಕ್ರಮ ಬದಲಾವಣೆ, ವಾಪಸ್ ಹಾಕಿಸಲು ಹೊಸ ಡಿಪಿಎಫ್‌ಗೆ ಲಕ್ಷದ ಹತ್ತಿರದ ಮಾತು ಬರಬಹುದು. ಪರಿಹಾರ ಇರೋದು ಸ್ಟೇರಿಂಗ್ ಹಿಂದೆ. ಲೈಟ್ ಹತ್ತಿದ ತಕ್ಷಣ ಕುಶಾಲನಗರ ದಾಟಿ ಹುಣಸೂರು ಕಡೆಗೆ ಸಪಾಟು ರಸ್ತೆಯಲ್ಲಿ 2,000 ಆರ್‌ಪಿಎಂ ಮೇಲೆ ಹಿಡಿದು ಇಪ್ಪತ್ತು ನಿಮಿಷ ಓಡಿಸಿಕೊಂಡು ಬನ್ನಿ. ಲೈಟ್ ಮಿನುಗಲು ಶುರುವಾಗುವವರೆಗೆ ಕಾಯಬೇಡಿ, ಆಮೇಲೆ ಸರ್ವಿಸ್ ಸೆಂಟರೇ ಗತಿ. ಇನ್ನೂ ಗಾಡಿ ಕೊಂಡಿಲ್ಲ, ತೋಟ ಬಿಟ್ಟು ಹೊರಗೆ ಹೋಗೋದೇ ಅಪರೂಪ ಅಂದರೆ ಪೆಟ್ರೋಲ್ ತಗೊಳ್ಳಿ. ಡೀಸೆಲ್‌ನ ಉಳಿತಾಯ ಅಂಥ ಓಡಾಟದಲ್ಲಿ ಉಳಿಯಲ್ಲ.

ಸಿಎನ್‌ಜಿ ಕಿಟ್

ಕಾನೂನು ಬಾಗಿಲು ತೆರೆದಿಟ್ಟಿರುವ ಮಾಡಿಫಿಕೇಶನ್ ಇದು. ಬೇರೆ ಇಂಧನಕ್ಕೆ ಬದಲಾಯಿಸುವ ಕಿಟ್‌ಗೆ 52ನೇ ಸೆಕ್ಷನ್‌ನಲ್ಲೇ ಅವಕಾಶ ಇದೆ. 2022ರಿಂದ ಬಿಎಸ್ 6 ಗಾಡಿಗಳಿಗೂ ಹಾಕಿಸಬಹುದು. ಅನುಮೋದನೆ ಪಡೆದ ಕಿಟ್, ಅಧಿಕೃತ ಕೇಂದ್ರ, ಆರ್‌ಸಿಯಲ್ಲಿ ನಮೂದು, ಇನ್ಶೂರೆನ್ಸ್‌ನಲ್ಲಿ ನಮೂದು, ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ. ಎಮಿಷನ್ ಸಲೀಸು. ಆದರೆ ಪಿಕಪ್ ಬೇಕು ಅಂತ ಬಂದವರಿಗೆ ಇದು ಉಲ್ಟಾ. ಗ್ಯಾಸ್‌ನಲ್ಲಿ ಸುಮಾರು ಶೇ. 10 ಶಕ್ತಿ ಇಳಿಯುತ್ತದೆ, ಎತ್ತರದ ಗಾಳಿ ತಿಂದದ್ದರ ಮೇಲೆ ಇದೂ ಸೇರಿ ಘಾಟಿಯಲ್ಲಿ ಗಾಡಿ ಸುಸ್ತು. ಡಿಕ್ಕಿ ಹೋಯಿತು, ಮೈಸೂರು ಮಂಗಳೂರಿನ ಹಾಗೆ ಇಲ್ಲಿ ಎಲ್ಲೆಂದರಲ್ಲಿ ಗ್ಯಾಸ್ ಸಿಗಲ್ಲ. ಕುಶಾಲನಗರದಿಂದ ಮೈಸೂರಿಗೆ ದಿನವೂ ಓಡಾಡೋರಿಗೆ ಲೆಕ್ಕ ಕೂಡಬಹುದು. ಉಳಿದವರಿಗೆ ಬೇಡ.

ಎಂಜಿನ್ ಬದಲಾವಣೆ, ಹಳೇ ಜಿಪ್ಸಿ, ಕಾರ್ಬುರೇಟರ್ ಗಾಡಿ

ಜಿಪ್ಸಿಗೆ ಹಳೇ ಬಲೆನೊದ 1.6 ಎಂಜಿನ್ ಕೂರಿಸೋದು ರ‍್ಯಾಲಿ ಜಗತ್ತಿನಲ್ಲಿ ಹಳೇ ಆಟ. ಎರಡೂ ಸುಜುಕಿ ಜಿ ಸರಣಿಯವೇ ಆಗಿರೋದರಿಂದ ಕೂರುತ್ತದೆ, 80 ಬಿಎಚ್‌ಪಿ ಇದ್ದದ್ದು 90ರ ಮೇಲೆ ಹೋಗುತ್ತದೆ. ಓಡಿಸಿದರೆ ಖುಷಿ, ಸುಳ್ಳಲ್ಲ. ಕಾಗದದಲ್ಲಿ ಮಾತ್ರ ಕಷ್ಟ. ಎಂಜಿನ್ ನಂಬರ್ ಬದಲಾಗುತ್ತದೆ, ಸಿಸಿ ಬದಲಾಗುತ್ತದೆ, ಆರ್‌ಟಿಒ ಒಪ್ಪಿಗೆ ಇಲ್ಲದೆ ಮಾಡಿದರೆ 15 ವರ್ಷದ ರಿನ್ಯೂವಲ್ ದಿನ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿ ನಂಬರ್ ಓದಿದ ಕೂಡಲೇ ಗಾಡಿ ನಿಲ್ಲುತ್ತದೆ. ಎಂಜಿನ್ ಹೋಗಿಯೇಬಿಟ್ಟಿದ್ದರೆ ಅದೇ ಮಾದರಿಯ, ಅದೇ ಸಿಸಿಯ ಎಂಜಿನ್ ಹುಡುಕಿ, ಅದರ ಬಿಲ್ ಮತ್ತು ಮೂಲ ಗಾಡಿಯ ಕಾಗದ ಇಟ್ಟುಕೊಂಡು, ಮೊದಲು ಆರ್‌ಟಿಒಗೆ ಅರ್ಜಿ ಹಾಕಿ, ಆಮೇಲೆ ಕೂರಿಸಿ. ಈ ಕ್ರಮ ಉಲ್ಟಾ ಮಾಡಬೇಡಿ.

ಕಾರ್ಬುರೇಟರ್ ಇರುವ ಹಳೇ 800, ಓಮ್ನಿ, ಮೊದಲಿನ ಜಿಪ್ಸಿಗಳಿಗೆ ಒಂದು ಅಗ್ಗದ ಸತ್ಯ ಇದೆ. ಕಾರ್ಬುರೇಟರ್‌ಗೆ ಎತ್ತರ ಗೊತ್ತಾಗಲ್ಲ. ಸಮುದ್ರದ ಪಕ್ಕ ಮಂಗಳೂರಿನಲ್ಲಿ ಸರಿ ಮಾಡಿಸಿದ್ದು ಮಡಿಕೇರಿಗೆ ಬಂದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಏಕೆಂದರೆ ಗಾಳಿ ಕಡಿಮೆಯಾದರೂ ಜೆಟ್ ಅಷ್ಟೇ ಇದೆ. ಸಿಒ ಏರುತ್ತದೆ, ಪ್ಲಗ್ ಕಪ್ಪಾಗುತ್ತದೆ, ಎಳೆತ ಇಳಿಯುತ್ತದೆ. ಇಲ್ಲಿನ ಹಳೇ ಮೆಕ್ಯಾನಿಕ್ ಹತ್ತಿರ, ಎಮಿಷನ್ ಮಷೀನ್ ಕೊಳವೆ ಸೈಲೆನ್ಸರ್‌ನಲ್ಲಿ ಇರುವಾಗಲೇ, ಐಡಲ್ ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾ ಸ್ಕ್ರೀನ್‌ನಲ್ಲಿ ಸಿಒ ಇಳಿಯೋದನ್ನು ನೋಡಿ. ಎಂಜಿನ್ ನಡುಗಲು ಶುರುವಾಗುವ ಸ್ವಲ್ಪ ಮುಂಚೆ ನಿಲ್ಲಿಸಬೇಕು. ಎಮಿಷನ್ ಪಾಸು, ಐಡಲ್ ನಯ, ಒಂದೇ ಸಲಕ್ಕೆ. ಘಾಟಿಯಲ್ಲಿ ಎಳೆತವೂ ವಾಪಸ್ ಬರಬೇಕಾದರೆ ಇಲ್ಲಿನ ಎತ್ತರಕ್ಕೆ ಒಂದು ಸೈಜ್ ಸಣ್ಣ ಮೇನ್ ಜೆಟ್ ಹಾಕಿಸಿ.

ಹಾಗಾದರೆ ಯಾರಿಗೆ ಯಾವುದು

ಕೈಯಲ್ಲಿ 10-15 ಸಾವಿರ ಇದ್ದರೆ ಯಾವ ಗಾಡಿಯೇ ಆಗಲಿ ಮೊದಲು ಹೇಳಿದ ಸರ್ವಿಸ್ ಕೆಲಸ ಮಾಡಿಸಿ, ಟೈರ್ ಅಳತೆ ನೋಡಿಕೊಳ್ಳಿ. 40 ಸಾವಿರ ಇದ್ದು ಟರ್ಬೊ ಗಾಡಿ, ವಾರಂಟಿ ಮುಗಿದಿದ್ದು, ಜಿಲ್ಲೆಯೊಳಗೇ ಓಡಾಟ ಅಂದರೆ ಸರ್ವಿಸ್ ಜೊತೆ ಸ್ಟೇಜ್ 1, ಎಕ್ಸಾಸ್ಟ್ ಮುಟ್ಟದೆ. ಟರ್ಬೊ ಇಲ್ಲದ ಗಾಡಿಗೆ 40 ಸಾವಿರ ಹಾಕೋ ಆಸೆ ಇದ್ದರೆ ಬ್ರೇಕ್, ಟೈರ್, ಸಸ್ಪೆನ್ಷನ್‌ಗೆ ಹಾಕಿ. ಇಳಿಜಾರಿನಲ್ಲಿ ಅದೇ ಉಪಯೋಗಕ್ಕೆ ಬರೋದು. ಲಕ್ಷದ ಮೇಲೆ ಖರ್ಚು ಮಾಡೋ ಯೋಚನೆ ಇದ್ದವರು ಇರೋ ಗಾಡಿ ಮಾರಿ, ಅದೇ ಮಾದರಿಯಲ್ಲಿ ದೊಡ್ಡ ಎಂಜಿನ್ ಇರೋದನ್ನು ನೋಡಲಿ. ಸ್ವಿಫ್ಟ್ ಡೀಸೆಲ್ ಅನ್ನು 100 ಪಿಎಸ್ ಮಾಡೋ ಬದಲು ಅಷ್ಟು ಪಿಎಸ್ ಕಂಪನಿಯಿಂದಲೇ ಬಂದಿರೋ ಸೆಕೆಂಡ್ ಹ್ಯಾಂಡ್ ಗಾಡಿ ಕಾಗದದಲ್ಲೂ ರಸ್ತೆಯಲ್ಲೂ ಸಲೀಸು.

ಹೋಮ್‌ಸ್ಟೇ ಅತಿಥಿಗಳನ್ನು ಕರೆದುಕೊಂಡು ಹೋಗೋ ಹಳದಿ ಬೋರ್ಡ್ ಗಾಡಿಯವರು ಏನೂ ಮಾಡಿಸಬೇಡಿ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. ಪ್ರತಿ ಸಲವೂ ಕಂಪನಿ ಸ್ಥಿತಿಗೆ ತಂದು ನಿಲ್ಲಿಸೋ ಖರ್ಚಲ್ಲಿ ಲಾಭ ಎಲ್ಲಾ ಸೋರಿಹೋಗುತ್ತದೆ.

ಏನೇ ಮಾಡಿಸಿದರೂ ಕೆಲಸಕ್ಕೆ ಮುಂಚೆ ಒಂದು ಎಮಿಷನ್ ಟೆಸ್ಟ್ ಮಾಡಿಸಿ ಅಂಕಿ ಬರೆದಿಟ್ಟುಕೊಳ್ಳಿ. ಬಿಎಸ್ 4 ನಂತರದ ಗಾಡಿಗೆ ಸರ್ಟಿಫಿಕೇಟ್ 12 ತಿಂಗಳು ನಡೆಯುತ್ತದೆ, ಹಳೆಯದಕ್ಕೆ 6 ತಿಂಗಳು. ಹಾಗಾಗಿ ಅವಧಿ ಇದೆ ಅಂತ ಸುಮ್ಮನಿರಬೇಡಿ, ಕೆಲಸ ಆದ ವಾರದಲ್ಲೇ ಇನ್ನೊಮ್ಮೆ ಮಾಡಿಸಿ. ತಣ್ಣಗಿರೋ ಎಂಜಿನ್ ತಗೊಂಡು ಹೋಗಬೇಡಿ, ಕನ್ವರ್ಟರ್ ಸುಮಾರು 300 ಡಿಗ್ರಿ ಬಿಸಿ ಆಗದೆ ಕೆಲಸ ಶುರು ಮಾಡಲ್ಲ. ಮಳೆಗಾಲದ ಬೆಳಿಗ್ಗೆ ಮನೆ ಪಕ್ಕದ ಸೆಂಟರ್‌ಗೆ ಎರಡು ನಿಮಿಷದಲ್ಲಿ ಹೋಗಿ ನಿಲ್ಲಿಸಿದರೆ ಸರಿ ಇರೋ ಗಾಡಿಯೂ ಫೇಲ್ ಆಗುತ್ತದೆ. ಕಾಲು ಗಂಟೆ ಓಡಿಸಿಕೊಂಡು ಹೋಗಿ. ಮುಂಚಿನ ಮತ್ತು ನಂತರದ ಎರಡು ಚೀಟಿಗಳಲ್ಲಿ ಡೀಸೆಲ್‌ನ ಹೊಗೆ ಎದ್ದು ಕಾಣುವಷ್ಟು ಏರಿದ್ದರೆ, ಪಾಸ್ ಆಗಿದ್ದರೂ, ಟ್ಯೂನರ್ ಹತ್ತಿರ ವಾಪಸ್ ಹೋಗಿ ಮ್ಯಾಪ್ ತಿದ್ದಿಸಿ. ಕಂಪನಿಯ ಮೂಲ ಫೈಲಿನ ಒಂದು ಪ್ರತಿಯನ್ನೂ ಅವತ್ತೇ ಕೇಳಿ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ, ಗಾಡಿ ಮಾರುವಾಗ ಆ ಗ್ಯಾರೇಜ್ ಅಲ್ಲೇ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ.